ಅಕ್ಕನ ಹಲ್ಲಿಗೆ ಅಡ್ಡ ಬಂದ ಅಗ್ಗದ ಪ್ರೊಸೆಸರು

ಪ್ರೊಸೆಸರುಗಳಿಗೆ ಹೆಸರಿಡುವ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಾವು ಕೂರುವ ತಿರುಗುಕುರ್ಚಿಗೂ, ಅಂಕಿಗಳನ್ನೂ ಅಕ್ಷರಗಳನ್ನೂ ಹಾಕಿ ತಾವು ಕುಲುಕುವ ಆ ಡಬ್ಬಿಗೂ ನನ್ನ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇಷ್ಟು ವರ್ಷ ಒಬ್ಬ ಗಿರಾಕಿಯ ಕೈಗೂ ಸಿಗದೆ ಉಳಿದವರು ಕ್ಷೇಮವಾಗಿರದೆ ಇನ್ನೇನು?

ನಾನು ಹಲ್ಲು ಕಟ್ಟುವವನು. ವೈದ್ಯನಲ್ಲ, ವೈದ್ಯರು ಹಲ್ಲು ಕೀಳುತ್ತಾರೆ, ಅಳತೆ ತೆಗೆಯುತ್ತಾರೆ, ಆ ಅಳತೆಗೆ ಹೊಂದುವ ಸೆಟ್ಟು ಮಾಡಿಕೊಡುವುದು ನನ್ನ ಕಸುಬು. ಮನೆಯ ಮುಂದಿನ ಕೋಣೆಯೇ ನಮ್ಮ ಕಾರ್ಖಾನೆ: ಕಿಟಕಿಯ ಕೆಳಗೆ ಪ್ಲಾಸ್ಟರಿನ ಚೀಲ, ಅದರ ಪಕ್ಕ ಸೆಟ್ಟಿನ ಅಚ್ಚು ತೆಗೆಯುವ ಪ್ರಿಂಟರು, ಆಚೆ ಗೋಡೆಗೆ ನನ್ನ ಹೆಂಡತಿ ಒಸಡಿಗೆ ಬಣ್ಣ ಕೊಟ್ಟು ಪಾಲಿಶ್ ಹಿಡಿಯುವ ಮೇಜು, ಮೂಲೆಯಲ್ಲಿ ಹನ್ನೊಂದು ವರ್ಷದ ಕಂಪ್ಯೂಟರು. ಮೊದಲು ಎಲ್ಲವನ್ನೂ ಮೇಣದಲ್ಲಿ ಕೈಯಿಂದಲೇ ಕಟ್ಟುತ್ತಿದ್ದೆ. ಬೆರಳುಗಳು ನಡುಗಲು ಶುರುವಾದ ಮೇಲೆ ಪರದೆಯ ಮೇಲೆ ಹಲ್ಲು ಜೋಡಿಸುವುದನ್ನು ಕಲಿತೆ. ಮೌಸು ನಡುಗಿದರೆ ಹಿಂದಕ್ಕೆ ಹೋಗಬಹುದು, ಮೇಣ ನಡುಗಿದರೆ ಮತ್ತೆ ಮೊದಲಿನಿಂದ.

ಇನ್ನು ನನ್ನ ಅಕ್ಕ. ಬಸ್ ನಿಲ್ದಾಣದಲ್ಲಿ ಗಾಜಿನ ಗೂಡಿನೊಳಗೆ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಂನಿಂದ ಎಂದು ಇಪ್ಪತ್ತೊಂಬತ್ತು ವರ್ಷ ಹೇಳಿದವಳು. ಮಗು ಕಳೆದುಕೊಂಡ ತಾಯಂದಿರು ಮೊದಲು ಓಡಿಬರುವುದು ಪೊಲೀಸರ ಬಳಿಗಲ್ಲ, ಅವಳ ಕಿಟಕಿಗೆ. ಒಸಡಿನ ಕಾಯಿಲೆಯಿಂದ ಈ ವರ್ಷ ಅವಳ ಹಲ್ಲುಗಳನ್ನೆಲ್ಲ ತೆಗೆಸಬೇಕಾಯಿತು. ಎರಡು ತಿಂಗಳ ರಜೆ ಸಿಕ್ಕಿತು. ಅವಳ ಜಾಗಕ್ಕೆ ತಾತ್ಕಾಲಿಕವಾಗಿ, ಮುದ್ರಿಸಿಟ್ಟ ಧ್ವನಿಯಲ್ಲಿ ಬಸ್ಸು ಕೂಗುವ ಒಂದು ಯಂತ್ರವನ್ನು ತಂದಿಟ್ಟರು; ರಜೆ ಮುಗಿದ ದಿನ ಅವಳು ಬಂದು ಸ್ಪಷ್ಟವಾಗಿ ಮಾತಾಡಿ ತೋರಿಸದಿದ್ದರೆ ಯಂತ್ರವೇ ಖಾಯಂ, ಅವಳಿಗೆ ಟಿಕೆಟ್ ಎಣಿಸುವ ಕೋಣೆ ಎಂದು ಮೇಲಧಿಕಾರಿ ಕಾಗದದಲ್ಲೇ ಬರೆದುಕೊಟ್ಟರು. ಒಸಡು ಮಾಯುವುದಕ್ಕೇ ಆರು ವಾರಕ್ಕೆ ಮೇಲೆ ಹಿಡಿಯಿತು. ಅಳತೆ ನನ್ನ ಕೈಗೆ ಬಂದಾಗ ಉಳಿದಿದ್ದದ್ದು ಹದಿನಾರು ದಿನ. ಬೇರೆಡೆ ಮಾಡಿಸೋಣವೆಂದರೆ ಎಲ್ಲ ಕಡೆ ತಿಂಗಳ ಸರದಿ. ಅಕ್ಕನಂತೂ ಬಾಯಿಗೆ ಸೆರಗು ಅಡ್ಡ ಹಿಡಿದು, "ನನ್ನ ಬಾಯಿಗೆ ನೀನೇ ಕೈ ಹಾಕು, ಬೇರೆಯವರು ಬೇಡ" ಎಂದುಬಿಟ್ಟಳು.

ವೈದ್ಯರು ಹೊಸ ಸ್ಕ್ಯಾನರಿನಲ್ಲಿ ತೆಗೆದ ಅಳತೆಯನ್ನು ನನ್ನ ಹಳೆಯ ಕಂಪ್ಯೂಟರು ತೆರೆಯುವುದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡಿತು. ಮೇಲಿನ ದವಡೆಯನ್ನು ಸ್ವಲ್ಪ ತಿರುಗಿಸಲು ಹೋದೆ; ಫ್ಯಾನು ಹೋ ಎಂದು ಅರಚಿ ಎಲ್ಲವೂ ಆರಿಹೋಯಿತು. ಮೂರು ಸಲ ಹೀಗೇ. ಆಗ ನಾನು ಪ್ರೊಸೆಸರು ಬದಲಾಯಿಸಬೇಕೆಂದು ತೀರ್ಮಾನಿಸಿದೆ. ದೊಡ್ಡದೇನೂ ಬೇಡ, ನಮ್ಮಂಥವರ ಕೈಗೆ ಎಟಕುವ ಒಂದು ಸಾಧಾರಣ ಪ್ರೊಸೆಸರು ಸಾಕು ಎಂದುಕೊಂಡೆ. ಈ ಅಲ್ಪ ಆಸೆಯೇ, ಮಹನೀಯರೇ, ನನ್ನನ್ನು ತಮ್ಮ ಪ್ರತಿಭೆಯ ಪಾದತಲಕ್ಕೆ ತಂದು ಕೆಡವಿತು.

ತಮ್ಮ ಕಂಪನಿಯ ಪಟ್ಟಿಯನ್ನು ಎರಡು ದಿನ ಕೂತು ಓದಿದೆ. ದೊಡ್ಡ ಅಂಕಿಯದು ಹೆಚ್ಚು ವೇಗದ್ದು ಎಂದು ತಿಳಿದ ನನ್ನ ಅವಿವೇಕವನ್ನು ಏನೆನ್ನಲಿ! ಒಂಬತ್ತು ಸಾವಿರದ ಸಾಲಿನಲ್ಲಿರುವುದು ಎಂಟು ಸಾವಿರದ ಸಾಲಿನದಕ್ಕಿಂತ ನಿಧಾನ. ಆದರೆ ಅದರ ಬಾಲದಲ್ಲಿ ಒಂದು ಅಕ್ಷರವಿದ್ದರೆ ಬೇಗ. ಅಕ್ಷರ ಎರಡಾದರೆ ಮತ್ತೆ ನಿಧಾನ. ಹೊಸ ತಲೆಮಾರಿನ ಚಿನ್ನದ ಬಣ್ಣದ ಡಬ್ಬಿಯಲ್ಲಿ ಮೂರು ವರ್ಷದ ಹಿಂದಿನದನ್ನೇ ಮುಖ ತೊಳೆಸಿ, ಪೌಡರು ಹಚ್ಚಿ ಕೂರಿಸಿದ್ದೀರಿ. ಹಳೆಯ ಸೆಟ್ಟಿಗೆ ಪಾಲಿಶ್ ಹಿಡಿದು ಹೊಸದೆಂದು ಕೊಟ್ಟರೆ ನಮ್ಮ ಕಸುಬಿನಲ್ಲಿ ಗಿರಾಕಿ ಕಚ್ಚುತ್ತಾನೆ. ತಮ್ಮ ಕಸುಬಿನಲ್ಲಿ ಬಹುಮಾನ ಕೊಡುತ್ತಾರಂತೆ.

ಅಕ್ಕ ನನ್ನ ಪಕ್ಕದಲ್ಲೇ ಕೂತು ಪಟ್ಟಿಯನ್ನು ನೋಡುತ್ತಿದ್ದಳು. ಅವಳ ಬಾಯಿಂದ ಸಕಾರವೆಲ್ಲ ಬರೀ ಗಾಳಿಯಾಗಿ ಹೋಗುತ್ತಿದ್ದ ಕಾಲ, ಆದರೂ ತಡೆಯಲಾರದೆ ಕೇಳಿದಳು: "ಬಸ್ಸಿನ ನಂಬರ್ ಹೇಳಿದ್ರೆ ಎಲ್ಲಿಗೆ ಹೋಗತ್ತೆ ಅಂತ ಕುರುಡರಿಗೂ ಗೊತ್ತಾಗತ್ತೆ. ಇದು ಎಲ್ಲಿಗೆ ಹೋಗತ್ತೋ?" ನನಗೆ ಉತ್ತರ ಗೊತ್ತಿರಲಿಲ್ಲ. ತಮಗೂ ಗೊತ್ತಿರಲಾರದು ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಪೇಟೆಬೀದಿಯ ಕಂಪ್ಯೂಟರ್ ಅಂಗಡಿಯವನನ್ನು ಜನ 'ಗ್ಯಾರಂಟಿ' ಎಂದು ಕರೆಯುತ್ತಾರೆ, ಅವನು ಯಾವುದಕ್ಕೂ ಅದನ್ನು ಕೊಡುವುದಿಲ್ಲವಾದ್ದರಿಂದ. ಅವನು ತಮ್ಮ ೮೨೪೦ ಕ್ಯೂ ಎಂಬ ರತ್ನವನ್ನು ಕಣ್ಣಿಗೊತ್ತಿಕೊಂಡು ಕೊಟ್ಟ. ಮನೆಗೆ ತಂದು ಹಳೆಯ ಮದರ್‌ಬೋರ್ಡಿಗೆ ಇಡಲು ಹೋದರೆ ಕೂರಲಿಲ್ಲ. ಬಲವಂತ ಮಾಡಲಿಲ್ಲ, ಹೊಂದದ ಸೆಟ್ಟನ್ನು ಒತ್ತಿ ಕೂರಿಸಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ವಾಪಸ್ಸು ಒಯ್ದರೆ ಗ್ಯಾರಂಟಿ ನಕ್ಕ. "ಬೋರ್ಡ್ ಬದಲಾಯಿಸ್ಬೇಕು ಸಾರ್. ಬೋರ್ಡ್ ಬದಲಾಯಿಸಿದ್ರೆ ಮೆಮೊರಿನೂ ಬದಲಾಯಿಸ್ಬೇಕು. ಅದೆಲ್ಲ ಒಂದು ಸಂಸಾರ ಇದ್ದ ಹಾಗೆ." ಒಬ್ಬ ಅಳಿಯನನ್ನು ತರಲು ಹೋಗಿ ಇಡೀ ಬೀಗರ ಮನೆಯನ್ನೇ ಹೊತ್ತು ತಂದೆ.

ಎಲ್ಲವನ್ನೂ ಜೋಡಿಸಿದೆವು. ಹೆಂಡತಿ ಟಾರ್ಚು ಹಿಡಿದಳು, ನಾನು ಸ್ಕ್ರೂ ತಿರುಗಿಸಿದೆ. ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ನೀಲಿ ದೀಪ ಹತ್ತಿತು, ಪರದೆ ಮಾತ್ರ ಕಪ್ಪಗೇ ಇತ್ತು. ಆ ಕಪ್ಪನ್ನು ನೋಡುತ್ತ ಎರಡು ದಿನ ಕಳೆದೆ. ತಂತಿ ಬದಲಾಯಿಸಿದೆ, ಪರದೆ ಬದಲಾಯಿಸಿದೆ, ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಕೊನೆಗೆ ಅಕ್ಕನೂ ನಾನೂ ಪ್ರೊಸೆಸರಿನ ಡಬ್ಬಿ ಹಿಡಿದು ಅಂಗಡಿಗೆ ಹೋದಾಗ ಗ್ಯಾರಂಟಿ ಬೆರಳಿಟ್ಟು ತೋರಿಸಿದ: ಬಾಲದಲ್ಲಿ ತಾವು ಇಟ್ಟ ಆ 'ಕ್ಯೂ' ಅಕ್ಷರದ ಅರ್ಥ ಈ ಪ್ರೊಸೆಸರಿಗೆ ತಾನಾಗಿ ಚಿತ್ರ ತೋರಿಸಲು ಬರುವುದಿಲ್ಲ ಎಂದು, ಅದಕ್ಕೆ ಬೇರೆ ಕಾರ್ಡು ಬೇಕು ಎಂದು, ಆ ಕಾರ್ಡು ಪ್ರೊಸೆಸರಿಗಿಂತ ದುಬಾರಿ ಎಂದು. "ಬಾಕ್ಸ್ ಮೇಲೇ ಬರ್ದಿದೆಯಲ್ಲ ಸಾರ್, ಕ್ಯೂ ಅಂತ."

ಇಲ್ಲಿ ನಾನು ಒಂದು ಕ್ಷಣ ನಿಂತು ತಮಗೆ ಕೈಮುಗಿಯಬೇಕು. 'ಇದರಲ್ಲಿ ಚಿತ್ರ ಬರುವುದಿಲ್ಲ' ಎಂಬ ಮೂರು ಮಾತನ್ನು ಒಂದೇ ಅಕ್ಷರಕ್ಕೆ ಇಳಿಸಿ, ಆ ಅಕ್ಷರವನ್ನು ಸಾಸಿವೆಯಷ್ಟು ಸಣ್ಣದಾಗಿ ಅಚ್ಚು ಹಾಕಿ, ಅದನ್ನು ಓದದವನೇ ದಡ್ಡ ಎಂದು ಜಗತ್ತನ್ನು ಒಪ್ಪಿಸಿರುವ ತಮ್ಮ ಮಿತವ್ಯಯಕ್ಕೆ ಸಾಟಿಯಿಲ್ಲ.

ಆದರೆ ಆ ದಿನ ಅಂಗಡಿಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನಗುತ್ತ ಬರೆಯಲು ನನ್ನಿಂದಾಗುವುದಿಲ್ಲ. ಅಕ್ಕ ಮುಂದೆ ಬಂದು, ಇದನ್ನು ವಾಪಸ್ಸು ತೆಗೆದುಕೊಂಡು ಚಿತ್ರ ತೋರಿಸುವುದನ್ನು ಕೊಡಿ ಎಂದು ಕೇಳಿದಳು. ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದಳು. ಅವನು ನನ್ನ ಕಡೆ ತಿರುಗಿ, "ಏನಂತೆ ಇವರು?" ಎಂದ. ಇಪ್ಪತ್ತೊಂಬತ್ತು ವರ್ಷ ಒಂದು ಊರಿಗೆ ಊರೇ ಅವಳ ಮಾತು ಕೇಳಿ ಬಸ್ಸು ಹತ್ತಿದೆ. ಮೂರಡಿ ದೂರದ ಮನುಷ್ಯನಿಗೆ ಅವಳ ಮಾತು ಕೇಳಿಸಲಿಲ್ಲ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತಳು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅಂದಳು: "ಬಿಡೋ. ಯಂತ್ರ ಇದೆಯಲ್ಲ, ಅದೇ ಹೇಳ್ಲಿ."

ಒಂಬತ್ತು ದಿನ ಉಳಿದಿದ್ದವು.

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಯಾರದೋ ರಸೀದಿಯ ನಕಲು ಮಾಡಿಸಲು ಹೋದಾಗ ಜೆರಾಕ್ಸ್ ಅಂಗಡಿಯ ಮೇಡಂ ಹತ್ತಿರ ಈ ಕಥೆ ಹೇಳಿಕೊಂಡಳಂತೆ. ಆಕೆ ತಮ್ಮ ಅಂಗಡಿಯ ಯಂತ್ರಗಳನ್ನೆಲ್ಲ ತಾವೇ ಜೋಡಿಸಿಕೊಂಡವರು. ಕೂಡಲೇ ನನ್ನನ್ನು ಕರೆಸಿ ಒಂದೇ ಒಂದು ಪ್ರಶ್ನೆ ಕೇಳಿದರು: "ನಿಮ್ಮ ಕೆಲಸ ಏನು?" ತಮ್ಮ ಪಟ್ಟಿಯಾಗಲಿ, ತಮ್ಮ ಜಾಹೀರಾತಾಗಲಿ, ತಮ್ಮ ಭಕ್ತ ಗ್ಯಾರಂಟಿಯಾಗಲಿ ಅದುವರೆಗೆ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ನಾನು ಹೇಳಿದೆ. "ಹಾಗಾದ್ರೆ ಆ ಫೈಲ್ ತನ್ನಿ, ತೆಗೆದು ನೋಡೋಣ" ಎಂದರು. ಪೆನ್‌ಡ್ರೈವಿನಲ್ಲಿ ಅಕ್ಕನ ದವಡೆಯನ್ನು ಹಾಕಿಕೊಂಡು ಓಡಿದೆ. ಅವರ ಕೌಂಟರಿನ ಕೆಳಗಿದ್ದ, ಧೂಳು ಹಿಡಿದ ಯಂತ್ರದಲ್ಲಿ ಅದು ಒಂದು ನಿಮಿಷದೊಳಗೆ ತೆರೆದುಕೊಂಡಿತು. ತಿರುಗಿಸಿದರೆ ಬೆಣ್ಣೆಯಂತೆ ತಿರುಗಿತು. ಅದರೊಳಗಿದ್ದದ್ದು ತಾವು ಪಟ್ಟಿಯ ಕೊನೆಯ ಪುಟಕ್ಕೆ ತಳ್ಳಿರುವ, ಹಿಂದಿನ ತಲೆಮಾರಿನ, ಬಾಲವಿಲ್ಲದ ಒಂದು ಬಡಪಾಯಿ ಪ್ರೊಸೆಸರು. "ಇದೇ ಸಾಕು ನಿಮಗೆ. ಚಿತ್ರನೂ ಇದರಲ್ಲೇ ಬರತ್ತೆ, ನೀವು ಕೊಂಡಿರೋ ಬೋರ್ಡಿಗೂ ಕೂರತ್ತೆ. ಹೆಸರು ನೋಡಬೇಡಿ, ಕೆಲಸ ಕೊಟ್ಟು ನೋಡಿ" ಎಂದರು. ಅವರೇ ಗ್ಯಾರಂಟಿಯ ಅಂಗಡಿಗೆ ಬಂದು ಐದು ನಿಮಿಷ ಮಾತಾಡಿದರು. ಏನು ಹೇಳಿದರೋ ತಿಳಿಯದು. ಅವನು ಕ್ಯೂ ರತ್ನವನ್ನು ತೆಪ್ಪಗೆ ವಾಪಸ್ಸು ಪಡೆದು ಬಡಪಾಯಿಯನ್ನು ಕೊಟ್ಟ.

ಪರದೆ ಬೆಳಗಿತು. ಮೂರು ದಿನ ಕೂತು ಹಲ್ಲು ಜೋಡಿಸಿದೆ; ಅಕ್ಕನ ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು, ಮುಂದಿನ ಎರಡು ಹಲ್ಲುಗಳ ನಡುವೆ ಇದ್ದ ಸಣ್ಣ ಸಂದನ್ನೂ ಉಳಿಸಿದೆ. ಅಚ್ಚು ತೆಗೆದೆ, ಹೆಂಡತಿ ಬಣ್ಣ ಕೊಟ್ಟು ತಿಕ್ಕಿ ತಿಕ್ಕಿ ಹೊಳಪು ಬರಿಸಿದಳು. ಅಕ್ಕ ಹಾಕಿಕೊಂಡು ಕನ್ನಡಿ ನೋಡಲಿಲ್ಲ. ನೇರ ಕೂತು, "ಬಸ್ಸು ಹೊರಡಲು ಸಿದ್ಧವಾಗಿದೆ" ಎಂದಳು. 'ಸಿದ್ಧ'ದಲ್ಲಿ ಸಿಳ್ಳೆ ಬಂತು. ಮತ್ತೆ ಹೇಳಿದಳು, ಮತ್ತೆ ಸಿಳ್ಳೆ. ಮುಂದಿನ ಹಲ್ಲಿನ ಹಿಂಭಾಗದಲ್ಲಿ ಕೂದಲೆಳೆಯಷ್ಟು ಹೆಚ್ಚಾಗಿದ್ದನ್ನು ಉಜ್ಜಿ ತೆಗೆಯಬೇಕಿತ್ತು. ಅದು ಯಾವ ಪ್ರೊಸೆಸರೂ ಮಾಡದ, ಕೈಯಿಂದಲೇ ಮಾಡಬೇಕಾದ ಕೆಲಸ. ನನ್ನ ಬೆರಳುಗಳು ನಡುಗುತ್ತಿದ್ದವು. ಹೆಂಡತಿ ಬಂದು ನನ್ನ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದಳು. ಹಾಗೆ ಇಬ್ಬರೂ ಸೇರಿ ಏಳು ಸಲ ಉಜ್ಜಿದೆವು. ಏಳನೆಯ ಸಲ ಅಕ್ಕ ಹೇಳಿದ ಮಾತು ಪಕ್ಕದ ಮನೆಯವರಿಗೂ ಸ್ಪಷ್ಟವಾಗಿ ಕೇಳಿಸಿ, ಅವರು ಕಿಟಕಿ ತೆರೆದು ನೋಡಿದರು.

ರಜೆಯ ಕೊನೆಯ ದಿನ ಮೇಲಧಿಕಾರಿಯ ಮುಂದೆ ಅಕ್ಕ ಇಡೀ ವೇಳಾಪಟ್ಟಿಯನ್ನು ಉಸಿರು ಬಿಡದೆ ಓದಿದಳು. ಮಧ್ಯಾಹ್ನದವರೆಗೆ ಮೈಕು ಅವಳಿಗೆ, ಆಮೇಲಿನದು ಯಂತ್ರಕ್ಕೆ ಎಂದು ಅವರು ಪಾಲು ಮಾಡಿದರು. ಪೂರ್ತಿ ಗೆದ್ದೆವೆಂದು ಹೇಳಲಾರೆ. ಆದರೆ ಮೊನ್ನೆ ಮಗುವೊಂದು ತಪ್ಪಿಸಿಕೊಂಡಾಗ, ಯಂತ್ರದ ಸರದಿಯಲ್ಲೇ, ತಾಯಿಯೊಬ್ಬಳು ಬಂದು ಕಿಟಕಿ ಬಡಿದಳಂತೆ. ಮನೆಗೆ ಹೊರಟಿದ್ದ ಅಕ್ಕ ಚೀಲ ಕೆಳಗಿಟ್ಟು, ಯಂತ್ರದ ಕತ್ತು ಅಮುಕಿ, ಮೈಕು ಹಿಡಿದಳು. ಮಗು ಮೂರನೆಯ ಪ್ಲಾಟ್‌ಫಾರಂನಲ್ಲಿ ಸಿಕ್ಕಿತು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನದು ಒಂದೆರಡು ಸಣ್ಣ ಬಿನ್ನಹ. ದಯವಿಟ್ಟು ತಮ್ಮ ಮನೆಯಲ್ಲಿ ಹುಟ್ಟುವ ಮಕ್ಕಳಿಗೂ ಇದೇ ಕ್ರಮದಲ್ಲಿ ಹೆಸರಿಡಿ. ದೊಡ್ಡ ಮಗನಿಗೆ ಸಣ್ಣ ಅಂಕಿ, ಮಾತು ಬಾರದ ಕೂಸಿಗೆ ಬಾಲದಲ್ಲೊಂದು ಅಕ್ಷರ, ಹಿರಿಯ ಅತ್ತೆಗೆ ಚಿನ್ನದ ಡಬ್ಬಿ. ಮತ್ತು ತಮ್ಮ ಹಲ್ಲುಗಳು ಬಿದ್ದ ದಿನ, ಬೀಳಲೇಬೇಕಲ್ಲ, ನನ್ನ ಬಳಿಗೇ ಬನ್ನಿ. ತಮ್ಮನ್ನು ಕೂರಿಸಿ, ನೀರು ಕೊಟ್ಟು, ಒಂದು ಪಟ್ಟಿ ಮುಂದಿಡುತ್ತೇನೆ. ಯಾವ ಸೆಟ್ಟಿನಲ್ಲಿ ಅಗಿಯಲು ಬರುತ್ತದೆ, ಯಾವುದರಲ್ಲಿ ಬರೀ ನಗಲು ಬರುತ್ತದೆ ಎಂಬುದನ್ನು ತಾವೇ ಓದಿ ತಿಳಿದುಕೊಳ್ಳುವಿರಂತೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮುಂದಿನ ಕೋಣೆಯ ಹಲ್ಲು ಕಟ್ಟುವವನು

ಮರೆತ ಮಾತು: ಈ ದೂರನ್ನು ಮೊದಲು ತಮ್ಮ ಕಂಪನಿಯ ತಾಣದಲ್ಲೇ ಸಲ್ಲಿಸಿದ್ದೆ. ಉದ್ಯೋಗವನ್ನು ಆರಿಸಿ ಎಂದಿತ್ತು: ಆಟ, ವಿದ್ಯಾಭ್ಯಾಸ, ಕಚೇರಿ, ಇತರೆ. ಕೊನೆಯದನ್ನು ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: "ಪ್ರಿಯ ಇತರೆ ಅವರೇ, ತಮ್ಮ ಮೆಚ್ಚುಗೆಯ ಮಾತುಗಳಿಗೆ ಧನ್ಯವಾದಗಳು." ತಾವು ಇಟ್ಟ ಹೆಸರುಗಳಲ್ಲಿ ನನಗೆ ಸರಿಯಾಗಿ ಅರ್ಥವಾದದ್ದು ಇದೊಂದೇ.