ತೂಕದ ಮಾತು

ಬೆನ್ನಿಗೆ ಎಣ್ಣೆ ತಿಕ್ಕುವ ಹೊತ್ತಿನಲ್ಲಿ ರಾಜಕೀಯ ಮಾತಾಡಬಾರದು. ಎಣ್ಣೆ ಬೆನ್ನಿಗೆ ಇಳಿಯುತ್ತದೆ, ಮಾತು ತಲೆಗೆ ಏರುತ್ತದೆ. ಆ ಬೆಳಿಗ್ಗೆ ಬೀರುವಿಗೆ ಆದದ್ದೂ ಅದೇ.

ಬೀರು ಎಂಬುದು ಅವನ ಅಡ್ಡಹೆಸರು. ಮನೆ ಸಾಮಾನು ಸಾಗಿಸುವ ನಾಲ್ವರ ತಂಡದಲ್ಲಿ ಅವನೇ ದೊಡ್ಡ ಆಳು. ಬಾಗಿಲಿಗೆ ಅಡ್ಡ ನಿಂತರೆ ಮನೆಯೊಳಗೆ ದೀಪ ಹಾಕಬೇಕಾಗುತ್ತಿತ್ತು. ಅವನ ಹೆಂಡತಿ ತುಂಬಿದ ಬಸುರಿ. ಎಣ್ಣೆ ತಿಕ್ಕುತ್ತಾ ಒಂದು ಮಾತು ತೆಗೆದಳು.

"ಅಲ್ಲ ರೀ, ನೀವು ಬೆನ್ನಲ್ಲಿ ಹೊರ್ತೀರಿ. ಆ ಐಸಾ ಮಾವ ಬಾಯಲ್ಲಿ ಹೊರ್ತಾರೆ. ಇಬ್ರಿಗೂ ಒಂದೇ ಪಾಲಾ? ನಾಳೆ ಮಗು ಬಂದ್ರೆ ಏನ್ಮಾಡೋದು?"

ಐಸಾ ಮಾವ ತಂಡದ ಹಿರಿಯ. ಅವರು ಯಾವ ಸಾಮಾನಿಗೂ ಹೆಗಲು ಕೊಟ್ಟದ್ದನ್ನು ಬೀರು ನೋಡಿರಲಿಲ್ಲ. ಮುಂದೆ ಮುಂದೆ ನಡೆಯುತ್ತಾ, "ಎಡಕ್ಕೆ... ತಲೆ ಬಗ್ಗಿಸು... ಮೆಟ್ಟಿಲಿದೆ... ಐಸಾ!" ಎಂದು ಕೂಗುವುದಷ್ಟೇ ಅವರ ಕೆಲಸ. ಸಂಜೆ ಬಂದದ್ದರಲ್ಲಿ ಮಾತ್ರ ನಾಲ್ವರಿಗೂ ಸಮಪಾಲು. ತಂಡ ಕಟ್ಟಿದ ದಿನವೇ ಹಾಗೆಂದು ಮಾತಾಗಿತ್ತು.

ಸಾಮಾನಿನ ಗಾಡಿ ಮೂರು ಮಹಡಿಯ ಕಟ್ಟಡದ ಮುಂದೆ ನಿಂತಾಗ ಬೀರು ಕೆಳಗಿಳಿಯಲಿಲ್ಲ. ಗಾಡಿಯ ಮೇಲೆಯೇ ನಿಂತು ಭಾಷಣ ಬಿಗಿದ. "ಇವತ್ತಿಂದ ಸಮಪಾಲು ಬೇಡ. ಹೊತ್ತ ತೂಕಕ್ಕೆ ತಕ್ಕ ಕೂಲಿ. ಜಾಸ್ತಿ ಹೊತ್ತೋನಿಗೆ ಜಾಸ್ತಿ, ಕಮ್ಮಿ ಹೊತ್ತೋನಿಗೆ ಕಮ್ಮಿ. ನ್ಯಾಯ ಅಂದ್ರೆ ಅದು!"

ತಂಡದ ಇನ್ನಿಬ್ಬರು ಕಡ್ಡಿ ಮತ್ತು ಗಾಬರಿ. ಕಡ್ಡಿ ಹೆಸರಿಗೆ ತಕ್ಕ ಹಾಗೆ ಸಣಕಲ. ಗಾಬರಿ ತನ್ನ ನೆರಳು ಕಂಡರೂ ದಾರಿ ಬಿಡುವವನು. ಇಬ್ಬರೂ ಐಸಾ ಮಾವನ ಮುಖ ನೋಡಿದರು.

"ಏನೂ ಹೊರದೇ ಇದ್ದೋರಿಗೆ?" ಕಡ್ಡಿ ಮೆಲ್ಲಗೆ ಕೇಳಿದ.

ಬೀರು ಗಾಡಿಯ ಹಗ್ಗ ನೋಡತೊಡಗಿದ. ಉತ್ತರ ಹೇಳಿದ್ದು ಮಾವನೇ. "ಏನೂ ಇಲ್ಲ. ಸರಿಯಾಗೇ ಇದೆಯಲ್ಲೋ. ಇವತ್ತೊಂದಿನ ಮಾಡಿ ನೋಡೋಣ." ಆ ಮುಖದಲ್ಲಿ ಬೇಸರದ ಒಂದು ಗೆರೆಯೂ ಇರಲಿಲ್ಲ. ಅವರ ಮನೆಯಲ್ಲಿ ಒಲೆ ಉರಿಯುವುದೂ ಇದೇ ಪಾಲಿನಿಂದ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂಥವರನ್ನು ಕಂಡರೆ ಕೈ ಮುಗಿಯಬೇಕು ಎನ್ನಿಸುತ್ತದೆ. ಬೀರುವಿಗೆ ಆಗ ಹಾಗನ್ನಿಸಲಿಲ್ಲ.

ಹೊಸ ನಿಯಮ ಹತ್ತೇ ನಿಮಿಷದಲ್ಲಿ ತನ್ನ ಗುಣ ತೋರಿಸಿತು. ರುಬ್ಬುವ ಕಲ್ಲಿಗೆ ಮೂವರೂ ಒಟ್ಟಿಗೆ ಮುಗಿಬಿದ್ದರು. ಕಬ್ಬಿಣದ ಪೆಟ್ಟಿಗೆಗಾಗಿ ಕಡ್ಡಿಗೂ ಗಾಬರಿಗೂ ಕೈ ಕೈ ಮಿಲಾಯಿಸುವಷ್ಟಾಯಿತು. ದಿಂಬು, ಗಡಿಯಾರ, ಹೂಕುಂಡಗಳೆಲ್ಲ ಅನಾಥ ಮಕ್ಕಳ ಹಾಗೆ ಬೀದಿಯಲ್ಲೇ ಉಳಿದವು.

"ನನ್ನ ಕನ್ನಡಿ ಯಾರಪ್ಪಾ ತರ್ತೀರಿ?" ಮನೆಯೊಡತಿ ಮೂರನೇ ಮಹಡಿಯಿಂದ ಕೂಗಿದರು.

"ಅದು ಹಗುರ ಅಮ್ಮಾ, ಅದಕ್ಕೆ ಕೂಲಿ ಹುಟ್ಟಲ್ಲ!" ಎಂದ ಕಡ್ಡಿ.

ಐಸಾ ಮಾವ ಹೋಗಿ ಕನ್ನಡಿಯನ್ನು ಎತ್ತಿಕೊಂಡು ಬಂದು, ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತರು. ಬೀದಿಯಲ್ಲೇ ಬಿಟ್ಟರೆ ಯಾರಾದರೂ ಎಡವಿ ಒಡೆದಾರು ಎಂಬ ಚಿಂತೆ ಅವರಿಗೆ.

ಕೊನೆಗೆ ಉಳಿದದ್ದು ಮರದ ಬೀರು. ಅಜ್ಜನ ಕಾಲದ್ದು, ಎರಡು ಬಾಗಿಲಿನದು. ಮೆಟ್ಟಿಲು ಹತ್ತುವಾಗ ಭಾರವೆಲ್ಲ ಕೆಳಗಿನವನ ಮೇಲೆ ಬೀಳುತ್ತದೆ ಎಂಬುದು ಹೊರುವವರಿಗೆ ಗೊತ್ತು. ದಿನವೂ ಕೆಳಗಿನ ಜಾಗ ಎಂದರೆ ಮುಖ ತಿರುಗಿಸುತ್ತಿದ್ದವರು ಇವತ್ತು ಮೂವರೂ ಕೆಳಗೇ ನಿಂತರು. ಮೇಲೆ ಹಿಡಿಯಲು ನರಪಿಳ್ಳೆಯಿಲ್ಲ. ಎರಡನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಬೀರು ಒಂದು ಕಡೆಗೆ ವಾಲಿತು. ದೊಡ್ಡ ಆಳು ಹೇಗೋ ಸಂದಿಯಲ್ಲಿ ನುಸುಳಿ ಮೇಲಕ್ಕೆ ಹೋಗಿ ಎಳೆದ. ಮರ ಗೋಡೆಗೆ ಕಚ್ಚಿಕೊಂಡಿತು. ಅವನು ಮೂಲೆಯಲ್ಲಿ, ಅದು ಅವನ ಎದೆಯ ಮೇಲೆ.

"ಅಯ್ಯಯ್ಯೋ, ಬೀರು ಸಿಕ್ಕಿಹಾಕ್ಕೊಂಡ್ತು!" ಗಾಬರಿ ಕಿರುಚಿದ.

"ಯಾವ ಬೀರು?" ಮನೆಯೊಡತಿ ಕೇಳಿದರು.

"ಎರಡೂ!"

ಅಷ್ಟು ಸಾಕಾಯಿತು. ಕಟ್ಟಡದ ಬಾಗಿಲುಗಳೆಲ್ಲ ತೆರೆದುಕೊಂಡವು. ಮೇಲಿನಿಂದ ನಿವೃತ್ತ ಮೇಷ್ಟ್ರು ಇಣುಕಿದರು, ಕೆಳಗಿನಿಂದ ಹಲ್ಲಿನ ಡಾಕ್ಟರು. ನಡೆದದ್ದರ ವರದಿಯನ್ನು ಕಡ್ಡಿ ಇಬ್ಬರಿಗೂ ಒಪ್ಪಿಸಿದ.

"ಶಕ್ತಿಗೆ ತಕ್ಕ ದುಡಿಮೆ, ಅಗತ್ಯಕ್ಕೆ ತಕ್ಕ ಪಾಲು. ಸಮಾಜವಾದ ಅಂದ್ರೆ ಅದು ಕಣಯ್ಯಾ!" ಮೇಷ್ಟ್ರು ಮೇಲಿನಿಂದ ಬೆರಳಾಡಿಸಿದರು.

"ಹಾಗಾದ್ರೆ ಯಾರು ಸರ್ ಕಷ್ಟಪಟ್ಟು ಓದ್ತಾರೆ? ಹಲ್ಲು ಕೀಳೋನಿಗೂ ಹಲ್ಲು ಕೀಳಿಸ್ಕೊಳ್ಳೋನಿಗೂ ಒಂದೇನಾ?" ಡಾಕ್ಟರು ಕೆಳಗಿನಿಂದ ಸವಾಲೆಸೆದರು.

ಸಮಾಜವಾದ ಮೇಲೆ, ಬಂಡವಾಳ ಕೆಳಗೆ, ನಡುವೆ ಉಸಿರು ಕಟ್ಟಿದ ಕಾರ್ಮಿಕ. ವಾದದ ಮಧ್ಯೆ ಮಧ್ಯೆ ಇಬ್ಬರೂ ಅವನಿಗೆ ಸಲಹೆ ಕೊಡುವುದನ್ನೂ ಮರೆಯಲಿಲ್ಲ. ಮೇಷ್ಟ್ರು ತಳ್ಳು ಎಂದರು, ಡಾಕ್ಟರು ಎಳೆ ಎಂದರು, ಯಾರೋ ಬಾಗಿಲ ಸಂದಿಯಿಂದ ಸೋಪಿನ ನೀರು ಹಾಕಿ ಎಂದರು. ಬೀರು ಎಲ್ಲರ ಮಾತನ್ನೂ ಒಟ್ಟಿಗೆ ಕೇಳಿದ. ಸೊಂಟದಲ್ಲಿ ಕಟಕ್ ಎಂದಿತು.

"ಮಾವ!" ಎಂದು ಕೂಗಿದ. "ಒಂದು ಮಾತು ಹೇಳಿ ಮಾವ!"

"ಇವತ್ತು ಮಾತಿಗೆ ತೂಕ ಇಲ್ಲವಲ್ಲೋ," ಎನ್ನುತ್ತಲೇ ಐಸಾ ಮಾವ ಎದ್ದಿದ್ದರು. ಕನ್ನಡಿಯನ್ನು ಜೋಪಾನವಾಗಿ ಡಾಕ್ಟರ ಕೈಗಿತ್ತರು. ತಿರುವಿಗೆ ಹತ್ತಿ ಬಂದು ಗೋಡೆಯ ಮೇಲೆ ಒಮ್ಮೆ ಅಂಗೈ ಆಡಿಸಿದರು. ಆಮೇಲೆ ಅವರ ದನಿ ಎದ್ದಿತು. "ಕಡ್ಡಿ, ಒಂದು ಮೆಟ್ಟಿಲು ಇಳಿ. ಗಾಬರಿ, ಕಣ್ಣು ಬಿಡು, ನಿನ್ನ ಮೂಲೆ ಎತ್ತು. ತಿರುಗಿಸಬೇಡ, ಒರಗಿಸು. ಹಾಂ... ಐಸಾ!"

ಮೇಷ್ಟ್ರೂ ಡಾಕ್ಟರೂ ಬಾಯಿ ಮುಚ್ಚಿದರು. ಆ ಕೂಗಿನಲ್ಲಿ ಅಂಥದ್ದೇನೋ ಇತ್ತು. ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಿದ್ದ ಕೈಗಳೆಲ್ಲ ಒಂದೇ ಮೈಯ ಕೈಗಳಾದವು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭವಾಗಿ ಮರ ಗೋಡೆ ಬಿಟ್ಟಿತು.

ಹೊರಬಂದ ಬೀರು ಕುಡುಗೋಲಿನ ಹಾಗೆ ಬಾಗಿದ್ದ. ನೆಟ್ಟಗಾಗಲು ಹೋದರೆ ಕಣ್ಣಲ್ಲಿ ನೀರು. ಇನ್ನು ಹೊರುವವರಾರು ಎಂದು ಗಾಬರಿ ಅಳುಮುಖ ಮಾಡುವಷ್ಟರಲ್ಲಿ ಐಸಾ ಮಾವ ಅಂಗಿಯ ತೋಳು ಮಡಚಿ, ಕೆಳಗಿನ ತುದಿಗೆ ಹೆಗಲು ಕೊಟ್ಟು, ಕೂಗುತ್ತಲೇ ಎತ್ತಿದರು. ಇಡೀ ಮಹಡಿ ಹತ್ತಿದರೂ ಅವರ ದನಿ ಒಡೆಯಲಿಲ್ಲ.

ಬೀರು ಬೆಪ್ಪಾದ. "ಮಾವ, ನಿಮಗೆ ಹೊರೋಕೆ ಬರುತ್ತಾ?"

"ಹೊರೋದು ಸುಲಭ ಕಣೋ," ಎಂದರು ಮಾವ ಮುಖ ಒರೆಸಿಕೊಳ್ಳುತ್ತಾ. "ಅದಕ್ಕೇ ನಿಮಗೆ ಬಿಟ್ಟಿದ್ದೆ."

ಸಂಜೆ ಪಾಲು ಮಾಡುವಾಗ ಬೀರುವಿಗೆ ತಲೆ ಎತ್ತಲಾಗಲಿಲ್ಲ. ಎತ್ತಬೇಕೆಂದರೂ ಸೊಂಟ ಬಿಡುತ್ತಿರಲಿಲ್ಲ. "ನಂದು ತಪ್ಪಾಯ್ತು. ಮಾವನಿಗೆ ಎರಡು ಪಾಲು ಕೊಡಿ," ಎಂದ.

"ಇವತ್ತು ನಾನು ಎರಡು ತಗೊಂಡ್ರೆ ನಾಳೆ ಗಾಬರಿ ಗಾಡಿ ಹತ್ತಿ ಭಾಷಣ ಮಾಡ್ತಾನೆ. ಸಮಪಾಲೇ ಇರ್ಲಿ. ನಿನ್ನ ಸೊಂಟ ನೆಟ್ಟಗಾಗೋ ತನಕ ನಿನ್ನ ಪಾಲು ಮನೆಗೆ ಬರುತ್ತೆ. ಹೆಂಡತಿಗೆ ಹೇಳು, ಚಿಂತೆ ಬೇಡ ಅಂತ," ಎಂದರು ಮಾವ.

ಬೀರು ಮಗುವಿನ ಹಾಗೆ ಅತ್ತುಬಿಟ್ಟ. ಇಷ್ಟು ದೊಡ್ಡ ಮನಸ್ಸನ್ನು ಅವನು ಇಷ್ಟು ದಿನ ಬರೀ ಬಾಯಿ ಎಂದುಕೊಂಡಿದ್ದ. "ಬಿಟ್ಟಿ ಪಾಲು ಬೇಡ ಮಾವ. ನಾಳೆಯಿಂದ ನಿಮ್ಮ ಬದಲು ನಾನು ಕೂಗ್ತೀನಿ. ಅಷ್ಟಾದ್ರೂ ಮಾಡ್ತೀನಿ," ಎಂದು ಹಟ ಹಿಡಿದ. ಮಾವ ನಕ್ಕು, ಮೊದಲು ಮನೆ ಸೇರು ಎಂದರು.

ಅವನಿಗೆ ನಡೆಯಲಾಗದು, ಗಾಡಿಯ ಕುಲುಕಾಟ ಸೊಂಟಕ್ಕಾಗದು. ಮನೆಯೊಡತಿ ಕೊಟ್ಟ ಕುರ್ಚಿಯಲ್ಲಿ ಕೂರಿಸಿ ಮೂವರೂ ಹೊತ್ತರು. ಸೊಂಟ ಒಪ್ಪಿದ ಕಡೆಗೆ ಕೂರಿಸಿದ್ದರಿಂದ ಅವನ ಮುಖ ಹಿಂದಕ್ಕಾಗಿತ್ತು. ಆದರೇನು, ಹೊಸ ಕೆಲಸದ ಹುರುಪು ಮೈ ತುಂಬಿತ್ತು. ಕತ್ತು ತಿರುಗಿಸಿ ನೋಡಿದ. ಬೀದಿಯ ನಡುವೆ ದೊಡ್ಡ ಗುಂಡಿ.

"ಎಡಕ್ಕೆ!" ಎಂದು ಗಂಟಲು ಹರಿಯುವಂತೆ ಕೂಗಿದ. ಕೈ ಚಾಚಿ ತನ್ನ ಎಡಗಡೆ ತೋರಿಸಿದ. "ಎಡಕ್ಕೆ... ಇನ್ನೂ ಎಡಕ್ಕೆ... ಐಸಾ!"

ಹಿಮ್ಮುಖ ಕುಳಿತವನ ಎಡ ಹೊರುವವರಿಗೆ ಬಲ. ಅವನ ಕೈ ನಂಬಿ ನಡೆದ ಮೂವರೂ ಮೊಣಕಾಲಿನವರೆಗೆ ಚರಂಡಿಯಲ್ಲಿ ಇಳಿದರು. ಕುರ್ಚಿಯನ್ನು ಮಾತ್ರ ಅಲುಗದ ಹಾಗೆ ಎತ್ತಿ ಹಿಡಿದಿದ್ದರು.

"ನೀನು ಬಿಟ್ಟಿ ಪಾಲೇ ತಗೊಳ್ಳಪ್ಪ," ಎಂದರು ಐಸಾ ಮಾವ ಚರಂಡಿಯಲ್ಲೇ ನಿಂತು. "ಹೊರೆ ಮಾತಾಡಬಾರದು."