ಅಪ್ಪ ಎಲ್ಲೂ ಹೋಗಿಲ್ಲ

ರಂಗರಾಜುವಿನ ಕಷ್ಟ ಇಷ್ಟೇ: ಅವನಿಗೆ ಅಳು ಬರುತ್ತಿರಲಿಲ್ಲ.

ಅಪ್ಪ ಚಿಕ್ಕಬಸವಯ್ಯ ತೀರಿಕೊಂಡು ಕೆಲವು ತಿಂಗಳಾಗಿತ್ತು. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಹಮಾಲರ ಮೇಸ್ತ್ರಿಯಾಗಿದ್ದವರು. ಕೇರಳದ ಲಾರಿಗಳು ಸಾಲಾಗಿ ನಿಂತು ಹಾರನ್ ಹೊಡೆದರೂ ಅವರ ಗಂಟಲೇ ಮೇಲೆ ಕೇಳುತ್ತಿತ್ತು. ಒಂದು ಬೆಳಗ್ಗೆ ಆ ಗಂಟಲು ಕಾಫಿ ಕೇಳಲಿಲ್ಲ, ಅಷ್ಟೇ. ಒಬ್ಬನೇ ಮಗನಾದ ರಂಗರಾಜು ಅವತ್ತೇ ಅತ್ತು ಮುಗಿಸಬೇಕಿತ್ತು. ಆದರೆ ಅಳಲು ಬಾಯಿ ತೆರೆದಾಗಲೆಲ್ಲ ಯಾರಾದರೂ ಏನಾದರೂ ಕೇಳುತ್ತಿದ್ದರು. ಶಾಮಿಯಾನದವನಿಗೆ ಕಂಬ ಎಲ್ಲಿ ನೆಡಬೇಕೆಂದು ಹೇಳಬೇಕಿತ್ತು. ನಂಜನಗೂಡಿನ ನೆಂಟರಿಗೆ ಫೋನಿನಲ್ಲಿ ಮನೆ ದಾರಿ ಹೇಳಬೇಕಿತ್ತು. ಕೊನೆಗೆ ಮಣ್ಣು ಹಾಕುವಾಗಲಾದರೂ ಮನಸಾರೆ ಅಳೋಣವೆಂದು ಸಿದ್ಧನಾದರೆ ಸೋದರಮಾವ ಶಿವಣ್ಣ ಕೈಗೊಂದು ಫೋನು ತುರುಕಿ, "ಅಲ್ಲಾಡುಸ್ದಂಗೆ ಹಿಡ್ಕಳ್ಳಾ, ಬರಕ್ಕಾಗ್ದೋರು ವಿಡಿಯೋ ಕಾಲಲ್ಲಿ ನೋಡ್ತಾವ್ರೆ" ಎಂದ. ರಂಗರಾಜು ಅಲ್ಲಾಡಿಸದಂತೆ ಹಿಡಿದ. (ಚಿತ್ರ ಬಹಳ ಸ್ಪಷ್ಟವಾಗಿ ಬಂತೆಂದು ಆಮೇಲೆ ಎಲ್ಲರೂ ಹೊಗಳಿದರು.)

ಹೀಗೆ ಅಳು ಎದೆಯಲ್ಲೇ ಉಳಿಯಿತು. ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ; ನೀರು ಕುಡಿದರೂ ಇಳಿಯದು, ಕೆಮ್ಮಿದರೂ ಬಾರದು.

ರಂಗರಾಜು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ದಿನಾ ಬಸ್ಸಿನಲ್ಲಿ ಓಡಾಟ. ಆ ವರ್ಷ ಬಿ.ಎ. ಮಕ್ಕಳ ಪಾಠಕ್ಕೆ ಹೊಸದೊಂದು ಭಾಗ ಸೇರಿತ್ತು: ಸುಮಾರು ಇನ್ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕೆಲವರು ಹುಟ್ಟುಹಾಕಿದ ಅತೀತವಾದ, ಅಂದರೆ ಟ್ರಾನ್ಸೆಂಡೆಂಟಲಿಸಂ. (ಎಂ.ಎ. ಓದುವಾಗ ಅವನು ಅದನ್ನು ಚಾಯ್ಸ್‌ನಲ್ಲಿ ಬಿಟ್ಟಿದ್ದ. ಬಿಟ್ಟದ್ದು ಬೆನ್ನು ಹತ್ತುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.) ಒಂದು ಸಂಜೆ ಬಸ್ಸು ತೆರಕಣಾಂಬಿ ದಾಟುವಾಗ ಅದರ ತಿರುಳು ಅವನಿಗೆ ಹೊಳೆಯಿತು. ಮರ, ಕಲ್ಲು, ಗಾಳಿ, ಮನುಷ್ಯ, ಎಲ್ಲದರಲ್ಲೂ ಹರಿಯುವ ಆತ್ಮ ಒಂದೇ. ಯಾವುದೂ ಇಲ್ಲವಾಗುವುದಿಲ್ಲ. ಸತ್ಯ ನಮ್ಮೊಳಗೇ ಇದೆ. ಕಿವಿಗೊಡಬೇಕಾದದ್ದು ಒಳದನಿಗೆ, ಊರ ಮಾತಿಗಲ್ಲ. ಬದುಕು ಸರಳವಾಗಿರಬೇಕು, ಸ್ವಂತ ಕಾಲ ಮೇಲಿರಬೇಕು. ಕಿಟಕಿಯಾಚೆ ಅರಿಸಿನದ ಹೊಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಅಪ್ಪ ಎಲ್ಲೂ ಹೋಗಿಲ್ಲ, ಎಂದುಕೊಂಡ. ಎದೆ ತುಸು ಹಗುರಾದಂತಾಯಿತು.

ಹಗುರಾದವನು ಸುಮ್ಮನಿರಬಹುದಿತ್ತು. ಆದರೆ ಅವನು ಮೇಷ್ಟ್ರು. ಇವತ್ತು ತನಗೆ ಅರ್ಥವಾದದ್ದನ್ನು ನಾಳೆಯೊಳಗೆ ಇನ್ನೊಬ್ಬರ ತಲೆಗೆ ತುಂಬದಿದ್ದರೆ ಅವನಿಗೆ ಅಜೀರ್ಣವಾಗುತ್ತಿತ್ತು. ಅದೂ ಅಲ್ಲದೆ ಮನೆಯಲ್ಲಿ ಈ ಮದ್ದು ತನಗಿಂತ ಹೆಚ್ಚಾಗಿ ಬೇಕಾದವಳು ಒಬ್ಬಳಿದ್ದಾಳೆಂದು ಅವನಿಗನಿಸಿತು. ಅವನ ಅವ್ವ.

ದೊಡ್ಡಮಾದಮ್ಮ ಗಂಡ ಸತ್ತ ಮೇಲೆ ಮಾತನ್ನು ಬಹಳ ಕಡಿಮೆ ಮಾಡಿದ್ದಳು. ಬೆಳಗಿನ ತಿಂಡಿ ತಿಂದು ಮನೆ ಮುಂದಿನ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತರೆ ಬಿಸಿಲು ನೆತ್ತಿಗೆ ಬರುವವರೆಗೆ ಏಳುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ರಂಗರಾಜು ಅದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಅವ್ವ ಒಳಗೊಳಗೇ ಕರಗ್ತಾ ಅವ್ಳೆ ಮೀನಾ," ಎಂದ ಹೆಂಡತಿಗೆ.

ಮೀನಾ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬೀದಿಯ ಹೆಂಗಸರ ಬ್ಲೌಸ್ ಹೊಲಿಯುವವಳು. ಅವಳ ತುಟಿಯಲ್ಲಿ ಯಾವಾಗಲೂ ಒಂದು ಗುಂಡುಪಿನ್ನು ಇರುತ್ತಿತ್ತು. ಮಾತು ಅದರ ಪಕ್ಕದಿಂದ ನುಸುಳಿ ಬರುತ್ತಿದ್ದುದರಿಂದ ಸ್ವಲ್ಪ ಚುಚ್ಚುವುದು ಸಹಜ.

"ಕರಗ್ತಾ ಇಲ್ಲ, ಕೂತವ್ರೆ. ಕೂತ್ಕಳ್ಳಿ ಬುಡ್ರಿ."

ರಂಗರಾಜು ಬಿಡಲಿಲ್ಲ. ಹೋಗಿ ಅವ್ವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಅವ್ವ, ಅಪ್ಪ ಎಲ್ಲೂ ಹೋಗಿಲ್ಲ ಕಣವ್ವ. ಈ ಮರದಲ್ಲೇ ಅವ್ರೆ. ಎಲೆ ಅಲ್ಲಾಡ್ತಾ ಅದಲ್ಲ, ಅದು ಅಪ್ಪನೇ ಅಂದ್ಕೊ."

ದೊಡ್ಡಮಾದಮ್ಮ ತಲೆಯೆತ್ತಿ ಮರವನ್ನು ಬಹಳ ಹೊತ್ತು ನೋಡಿದಳು. ಚಾಚಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡಳು. ಸೆರಗನ್ನು ತಲೆ ಮೇಲೆ ಹೊದ್ದು ಎದ್ದು ಒಳಗೆ ಹೋದಳು.

ಮಾರನೆಯ ದಿನ ಅವಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಮರವನ್ನು ನೋಡುವ ಶಕ್ತಿ ಅವ್ವನಿಗೆ ಇನ್ನೂ ಬಂದಿಲ್ಲ ಎಂದುಕೊಂಡು ರಂಗರಾಜು ಅಲ್ಲಿಗೂ ಹೋದ.

"ಬೇವಿನ ಮರ ಒಂದೇ ಅಲ್ಲ ಕಣವ್ವ. ಈ ನುಗ್ಗೆ ಮರದಲ್ಲೂ ಅವ್ರೆ. ನೀನು ಕೂತಿರೋ ಈ ಕಲ್ಲಲ್ಲೂ ಅವ್ರೆ. ಅಗೋ ಆ ಕಾಗೆ..."

"ಕಾಗೇಲೂವಾ?"

"ಕಾಗೇಲೂ ಅವ್ರೆ."

ದೊಡ್ಡಮಾದಮ್ಮ ಕಲ್ಲಿನಿಂದ ತಟ್ಟನೆ ಎದ್ದಳು. ಮೂರನೆಯ ದಿನ ಅವಳು ಉಗ್ರಾಣದಲ್ಲಿ, ಈರುಳ್ಳಿ ಚೀಲಗಳ ನಡುವೆ, ಕತ್ತಲಲ್ಲಿ ಕೂತಿದ್ದಳು. ಅಲ್ಲಿ ಮರವಿಲ್ಲ, ಕಾಗೆಯಿಲ್ಲ. ಆದರೆ ಗೋಡೆಯಿತ್ತು. ರಂಗರಾಜು ಬಾಗಿಲಲ್ಲಿ ನಿಂತು ಗೋಡೆಯೊಳಗಿನ ಚೈತನ್ಯವನ್ನು ವಿವರಿಸಿದ.

"ಅವ್ರನ್ನ ಎಲ್ಲಾದ್ರೂ ಒಂದ್ಕಡೆ ಕೂರಕ್ಕೆ ಬುಡ್ತೀರೋ ಇಲ್ವೋ?" ಎಂದಳು ಮೀನಾ.

"ಇದು ಅತೀತವಾದ. ನಿಂಗರ್ಥ ಆಗಲ್ಲ."

"ಅತೀತವಾದ ಅಲ್ಲ ಕಣ್ರೀ, ಅತಿಯಾದ ವಾದ."

ಹೆಂಡತಿಯ ಮಾತಿಗೆ ನೊಂದ ರಂಗರಾಜು ಸರಳ ಬದುಕಿನ ಅಧ್ಯಾಯಕ್ಕೆ ಇಳಿದ. ಒಂದು ಭಾನುವಾರ ಮಿಕ್ಸಿಯನ್ನು ಎತ್ತಿ ಅಟ್ಟದ ಮೇಲಿಟ್ಟ. ಸದ್ದು ಮಾಡುವ ಯಂತ್ರಗಳು ಮನುಷ್ಯನನ್ನು ಪ್ರಕೃತಿಯಿಂದ ದೂರ ಮಾಡುತ್ತವೆ ಎಂದು ಘೋಷಿಸಿದ.

"ಸರಿ. ಸರಳವಾಗಿ ಬದುಕೋದು ನೀವು. ರುಬ್ಬೋದು ಯಾರು?"

"ಸ್ವಾವಲಂಬನೆಯೂ ಅದೇ ಪಾಠದಲ್ಲಿದೆ," ಎಂದು ಪಂಚೆ ಮೇಲೆ ಕಟ್ಟಿ, ಒರಳಿನ ಮುಂದೆ ತಾನೇ ಕೂತ. ಮೆಣಸಿನಕಾಯಿ ನುರಿಯಿತು. ಕಾಯಿ ಹಾಕಿ ಗುಂಡುಕಲ್ಲನ್ನು ಇನ್ನೊಂದು ಸುತ್ತು ತಿರುಗಿಸುವಷ್ಟರಲ್ಲಿ ಸೊಂಟದಲ್ಲಿ ಏನೋ ಚಟ್ಟೆಂದಿತು. ಆಮೇಲೆ ಅವನು ಭೂಮಿಯೊಂದಿಗೆ ಏಕವಾಗಿ ಅಂಗಾತ ಮಲಗಿದ್ದ. ಮೀನಾ ಅವನನ್ನು ದಾಟಿಕೊಂಡು ಹೋಗಿ ಅಟ್ಟದಿಂದ ಮಿಕ್ಸಿ ಇಳಿಸಿದಳು. ಬಾಗಿಲಲ್ಲಿ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಭುಜಗಳು ಅಲುಗುತ್ತಿದ್ದವು. ಅವಳಿಗಾದರೂ ಅಳು ಬಂತಲ್ಲ, ಎಂದುಕೊಂಡ ರಂಗರಾಜು ನೆಲದ ಮೇಲಿಂದಲೇ.

ಸಂಜೆ ಅವಳೇ ಹರಳೆಣ್ಣೆ ಬಿಸಿ ಮಾಡಿ ತಂದು ಅವನ ಸೊಂಟ ನೀವಿದಳು. ನೀವುತ್ತಾ ಕೇಳಿದಳು, "ಅದೇನೋ ಒಳಗಿನ ದನಿ ಅಂತಿದ್ದಲ್ಲ, ಅದು ಎಂಗಿರ್ತದ್ಲಾ? ಗಂಡಸ್ರುದಾ, ಹೆಂಗಸ್ರುದಾ?"

ಪಠ್ಯದಲ್ಲಿ ಈ ಪ್ರಶ್ನೆ ಇರಲಿಲ್ಲ. "ನಿಂದೇ ದನಿ ಕಣವ್ವ."

"ನಂದಾ." ನೀವುವ ಕೈ ನಿಂತಿತು. "ಅದನ್ನ ಕೇಳಿ ಬಾಳ ವರ್ಸ ಆಯ್ತು."

"ಈಗ ಕೇಳವ್ವ. ಅದು ಹೇಳ್ದಂಗೆ ಮಾಡು. ಬೇರೆ ಯಾರ್ನೂ ಕೇಳ್ಬ್ಯಾಡ."

"ನಿನ್ನೂವಾ?"

"ನನ್ನೂ ಕೇಳ್ಬ್ಯಾಡ," ಎಂದ ರಂಗರಾಜು ಉದಾರವಾಗಿ.

ಆ ಶನಿವಾರ ಮಧ್ಯಾಹ್ನ ಅವನು ಕಾಲೇಜಿನಿಂದ ಬಂದಾಗ ಅವ್ವ ಬೇವಿನ ಮರದ ಕೆಳಗಿರಲಿಲ್ಲ. ಹಿತ್ತಲಲ್ಲಿರಲಿಲ್ಲ. ಉಗ್ರಾಣದಲ್ಲಿ ಈರುಳ್ಳಿ ಮಾತ್ರ ಇತ್ತು.

"ಬೆಟ್ಟಕ್ಕೋದ್ರು," ಎಂದಳು ಮೀನಾ, ಕಾಜಾ ಹೊಲಿಯುತ್ತಾ. "ಗೋಪಾಲಸ್ವಾಮಿ ಬೆಟ್ಟಕ್ಕೆ. ಆಧಾರ್ ಕಾರ್ಡ್ ತಗಂಡು ಬೆಳಗ್ಗೇನೇ ಬಸ್ ಹತ್ತಿದ್ರು. ಹೆಂಗಸ್ರಿಗೆ ಫ್ರೀ ಅಲ್ವಾ."

"ಒಬ್ಳೇನಾ? ನೀನು ಕಳಿಸ್ಬುಟ್ಯಾ?"

"ನಾನೂ ಬತ್ತೀನಿ ಅಂದೆ. ಬ್ಯಾಡ, ಒಳಗಡೆಯಿಂದ ನನ್ನೊಬ್ಳನ್ನೇ ಕರೀತಾ ಅದೆ ಅಂದ್ರು."

ರಂಗರಾಜು ನಿಂತಲ್ಲೇ ಅವ್ವನ ಫೋನಿಗೆ ಹೊಡೆದ. ಅದು ದೇವರ ಗೂಡಿನ ಪಕ್ಕದಲ್ಲೇ ಗುಂಯ್‌ಗುಟ್ಟಿತು. ಗಂಡ ಸತ್ತ ಮೇಲೆ ಬಾಯಿ ಬಿಡದ ಹೆಂಗಸು. ಮಂಜು. ಬೆಟ್ಟದ ಅಂಚು. ಒಳಗಿನಿಂದ ಕರೆದವರು ಯಾರು? ಹೋದವರೇ ಬಂದು ಕರೆದಿದ್ದರೆ? ಆ ದನಿಗೆ ಕಿವಿಗೊಡು ಎಂದು ಹೇಳಿಕೊಟ್ಟವನು ತಾನೇ ಅಲ್ಲವೆ?

ಸ್ಕೂಟರಿನ ಹಿಂದೆ ಮೀನಾಳನ್ನು ಕೂರಿಸಿಕೊಂಡು ಹಂಗಳದ ದಾರಿ ಹಿಡಿದ. ನೋಯುವ ಸೊಂಟಕ್ಕೆ ಪ್ರತಿಯೊಂದು ಉಬ್ಬೂ ಪ್ರತ್ಯೇಕವಾಗಿ ತಿಳಿಯುತ್ತಿತ್ತು.

"ನೀವೇ ತಾನೇ ಯಾರ್ನೂ ಕೇಳ್ಬ್ಯಾಡ ಅಂದಿದ್ದು," ಎಂದಳು ಹಿಂದಿನಿಂದ ಮೀನಾ.

"ಅದು ತತ್ತ್ವ ಕಣೆ."

"ತತ್ತ್ವ ಅಂತ ಮೊದ್ಲೇ ಹೇಳಿದ್ರೆ ಅವ್ರು ಮಾಡ್ತಾನೇ ಇರ್ಲಿಲ್ಲ."

"ಅವ್ವಂಗೇನಾದ್ರೂ ಆದ್ರೆ..." ಮೀನಾ ಅವನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬೆಟ್ಟದ ಬುಡದಲ್ಲಿ ಸ್ಕೂಟರು ಬಿಟ್ಟು ಸರ್ಕಾರಿ ಬಸ್ಸು ಹತ್ತಿದರು. ಎಲ್ಲರೂ ಇಳಿದು ಬರುವ ಹೊತ್ತು. ಮೇಲೆ ಹೋಗುವ ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ತುದಿ ತಲುಪಿದಾಗ ಮಂಜು ಗೋಪುರವನ್ನು ಮುಚ್ಚಿ ಮುಚ್ಚಿ ತೆರೆಯುತ್ತಿತ್ತು. ರಂಗರಾಜು ಮೆಟ್ಟಿಲು ಹತ್ತಿ, ಗುಡಿ ಸುತ್ತಿ, ಕಾಡು ಕಾಣುವ ಕಡೆಗೆ ಓಡಿದ. ಅಲ್ಲಿ, ಗೋಡೆಗೊರಗಿ, ದೊಡ್ಡಮಾದಮ್ಮ ಕೂತಿದ್ದಳು. ಎರಡೂ ಕಾಲು ಉದ್ದಕ್ಕೆ ಚಾಚಿದ್ದವು. ಮಡಿಲಲ್ಲಿ ಬಟ್ಟೆಯ ಗಂಟು ಬಿಚ್ಚಿತ್ತು. ಅದರಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ.

"ಯಾಕ್ಲಾ ಹಿಂಗ್ ಓಡ್ಬಂದೆ? ಮನೇಲಿ ಏನಾರ ಆಯ್ತಾ?"

ರಂಗರಾಜು ಏದುಸಿರು ಬಿಡುತ್ತಾ ಅವಳ ಪಕ್ಕ ಕುಸಿದ. ಜೀವ ಮರಳಿ ಬಂದಿತ್ತು. ಜೀವದ ಜೊತೆಗೆ ಪಾಠವೂ ಮರಳಿತು.

"ನಂಗೆ ಅರ್ಥ ಆಯ್ತದೆ ಅವ್ವ. ಅಪ್ಪನ್ನ ಹುಡುಕ್ಕೊಂಡು ಇಷ್ಟು ದೂರ ಬಂದಿದ್ದೀಯ. ನೀನು ಬಂದದ್ದು ಸುಳ್ಳಾಗ್ನಿಲ್ಲ. ಇಲ್ಲೇ ಅವ್ರೆ ಕಣವ್ವ. ಈ ಮಂಜಲ್ಲಿ, ಈ ಗಾಳೀಲಿ..."

ಬಾಯಿಗೆ ಹೋಗುತ್ತಿದ್ದ ರೊಟ್ಟಿ ಚೂರು ನಡುದಾರಿಯಲ್ಲಿ ನಿಂತಿತು.

"ಇಲ್ಲಿಗೂ ಬಂದವ್ರಾ?"

ಕೇಳಿದ ರೀತಿಯಲ್ಲಿ ಭಕ್ತಿ ಇರಲಿಲ್ಲ, ದುಃಖವೂ ಇರಲಿಲ್ಲ. ಈಗಷ್ಟೇ ಪಾತ್ರೆ ತೊಳೆದಿಟ್ಟ ಮನೆಗೆ ಇನ್ನೊಬ್ಬರು ಊಟಕ್ಕೆ ಬಂದರೆಂದು ತಿಳಿದ ಹೆಂಗಸಿನ ದನಿ ಅದು. ಮೀನಾ ಮುಖ ಆಚೆ ತಿರುಗಿಸಿದಳು.

"ಮದ್ವೆ ಆದ್ ವರ್ಸ ಕೇಳ್ದೆ, ಬೆಟ್ಟಕ್ಕೆ ಕರ್ಕಂಡೋಗಿ ಅಂತ," ಎಂದಳು ದೊಡ್ಡಮಾದಮ್ಮ. "ಮುಂದಿನ್ ವರ್ಸ ಅಂದ್ರು. ಅದಾದ್ ಮೇಲೂ ಮುಂದಿನ್ ವರ್ಸನೇ. ಹುಚ್ಚೆಳ್ಳು ವಾಸ್ನೆ ಆಗಾಕಿಲ್ಲ ಅಂದ್ರು, ಮಾಡೋದ್ ಬುಟ್ಟೆ. ಅವ್ರು ಮನೇಲಿದ್ರೆ ಒಂದಿನ ನೆಟ್ಗೆ ಕುಂತೋಳಲ್ಲ. ಏಯ್ ಅಂದ್ರೆ ಏಳ್ಬೇಕಲ್ಲ. ಈಗ ಸಲ್ಪ ಕುಂತ್ಕಳನ ಅಂದ್ರೆ, ಮರದಲ್ಲವ್ರೆ ಅಂತೀಯ. ಹಿತ್ಲಿಗೋದ್ರೆ ಕಲ್ಲಲ್ಲವ್ರೆ ಅಂತೀಯ. ಕತ್ಲೇಲಿ ಕುಂತ್ರೆ ಗ್ವಾಡೇಲಿ ಅವ್ರೆ ಅಂತೀಯ. ನಾನೆಲ್ಲಿಗಪ್ಪ ಓಗ್ಲಿ?"

ರಂಗರಾಜು ಅವಳತ್ತ ಪೂರ್ತಿ ತಿರುಗಿದ. "ಅಪ್ಪ ಅಷ್ಟು ಕೆಟ್ಟೋರಾ ಅವ್ವ?"

"ಕೆಟ್ಟೋರು ಅಂದ್ನಾ? ಒಳ್ಳೇ ಮನ್ಸನೇಯ. ಗಂಟ್ಲು ದೊಡ್ದು, ಅಷ್ಟೇ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನಾನು ಅಳೋದ್ನೆಲ್ಲ ಅತ್ತಾಯ್ತು ಕಣ್ಲಾ. ಕಾಲು ಹಿಡ್ಕಂಡು ಅತ್ತೆ. ನೀನು ಆಗ ಶಾಮಿಯಾನ ಕಟ್ಟುಸ್ತಿದ್ದೆ. ಅಳ್ದೇ ಇರೋನು ನೀನು. ಅಳೋದ್ ಬುಟ್ಟು ನನ್ ಹಿಂದೆ ಸುತ್ತಾ ಇದ್ದೀಯ."

ಗಂಟನ್ನು ಕಟ್ಟಿ ಎದ್ದಳು. "ಗಾಳೀಲಿ ಅವ್ರಿದ್ರೆ ನೀನು ಮಾತಾಡ್ಕಂಡು ಕುಂತಿರು. ನಾನು ಆ ಕಡೆ ಓಯ್ತೀನಿ. ಬಾ ಮೀನಾ, ರೊಟ್ಟಿ ತಿನ್ನು."

ಇಬ್ಬರೂ ಗುಡಿಯ ಆಚೆ ಬದಿಗೆ ಹೋದರು.

ರಂಗರಾಜು ಒಬ್ಬನೇ ಉಳಿದ. ಗಾಳಿ ಬೀಸಿತು. ಅವನು ಮೊದಲ ಸಲ ಆ ಗಾಳಿಯಲ್ಲಿ ಅಪ್ಪನನ್ನು ನಿಜವಾಗಿ ಹುಡುಕಿದ. ಇಷ್ಟು ದಿನ ಅವ್ವನಿಗೆ ತೋರಿಸಿದ್ದನೇ ಹೊರತು ತಾನು ನೋಡಿರಲಿಲ್ಲ. ಗಾಳಿ ತಣ್ಣಗಿತ್ತು. ಅದರಲ್ಲಿ ಮಂಡಿಯ ವಾಸನೆ ಇರಲಿಲ್ಲ, ಬೈಗುಳ ಇರಲಿಲ್ಲ, ಎಲೆಯಡಿಕೆಯ ಉಸಿರು ಇರಲಿಲ್ಲ. ಮಂಜಿನಲ್ಲಿ ಮಂಜಿತ್ತು, ಕಲ್ಲಿನಲ್ಲಿ ಕಲ್ಲಿತ್ತು. ಅಪ್ಪ ಹೋಗಿದ್ದರು. ಹೋದವರು ಹೋದ ಹಾಗೆಯೇ ಹೋಗಿದ್ದರು. ಅಮೆರಿಕದವರ ತತ್ತ್ವ ಅವನ ಕೈ ಬಿಟ್ಟ ಆ ಕ್ಷಣದಲ್ಲಿ, ಎದೆಯಲ್ಲಿ ಸಿಕ್ಕಿಕೊಂಡಿದ್ದದ್ದು ಸರಕ್ಕನೆ ಮೇಲೆ ಬಂತು. ನಲವತ್ತು ದಾಟಿದ ಇಂಗ್ಲಿಷ್ ಮೇಷ್ಟ್ರು ಮೊಣಕಾಲಿನ ನಡುವೆ ತಲೆ ತುರುಕಿ ಬಿಕ್ಕಿ ಬಿಕ್ಕಿ ಅತ್ತ.

ಆಗ ಯಾರೋ ಅವನ ಬೆನ್ನು ತಟ್ಟಿದರು. ಸಾಂತ್ವನವೆಂದು ತಲೆಯೆತ್ತಿದರೆ ಕೇರಳದಿಂದ ಬಂದ ಸಂಸಾರವೊಂದು ಸಾಲಾಗಿ ನಿಂತಿತ್ತು. ಫೋನು ಹಿಡಿದವನು ಬಹಳ ವಿನಯದಿಂದ, "ಚೇಟ್ಟಾ..." ಎಂದು ಅಣ್ಣನನ್ನು ಕರೆಯುವಂತೆ ಕರೆದು, ಸ್ವಲ್ಪ ಆಚೆ ಸರಿಯಿರೆಂದು ಕೈಸನ್ನೆ ಮಾಡಿದ. ಹಿಂದಿನ ಕಾಡಿಗೆ ರಂಗರಾಜು ಅಡ್ಡವಾಗಿದ್ದ. ಅವನು ಕೂತಲ್ಲಿಂದಲೇ ಪಕ್ಕಕ್ಕೆ ಸರಿದು, ಉಳಿದದ್ದನ್ನು ಅಲ್ಲಿ ಅತ್ತ.

ಕೊನೆಯ ಬಸ್ಸಿಗೆ ಕಂಡಕ್ಟರ್ ಕೂಗು ಹಾಕಿದಾಗ ಮುಖ ಒರೆಸಿಕೊಂಡು ಹತ್ತಿದ. ಅವ್ವ ಆಗಲೇ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಪಕ್ಕದ ಸೀಟು ಖಾಲಿಯಿತ್ತು. ರಂಗರಾಜು ಚಿಕ್ಕ ಹುಡುಗನ ಹಾಗೆ ಹೋಗಿ ಅಲ್ಲಿ ನಿಂತ. ದೊಡ್ಡಮಾದಮ್ಮ ಅವನ ಕಣ್ಣನ್ನು ದಿಟ್ಟಿಸಿ ನೋಡಿದಳು. ಕೈಯೆತ್ತಿ ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸಿದಳು.

"ಅತ್ತ್ಯಾ? ಒಳ್ಳೇದಾಯ್ತು ಬುಡು," ಎಂದಳು. ಆಮೇಲೆ ಗಂಟನ್ನು ಖಾಲಿ ಸೀಟಿನ ಮೇಲಿಟ್ಟಳು. "ಮೀನಾ ತಾವ ಓಗಿ ಕುಂತ್ಕೊ. ನಾನೊಬ್ಳೇ ಕಿಟ್ಕೀಲಿ ನೋಡ್ಕಂಡ್ ಬತ್ತೀನಿ."

ಮೀನಾಳ ಪಕ್ಕದಲ್ಲಿ ದಪ್ಪಗಿನ ಹೆಂಗಸೊಬ್ಬಳು ಆಗಲೇ ನಿದ್ದೆ ಹೋಗಿದ್ದಳು. ಬೇರೆಲ್ಲೂ ಜಾಗವಿರಲಿಲ್ಲ. ಬಸ್ಸು ಹೊರಟಿತು. ತಿರುವು ಬಂದಾಗಲೆಲ್ಲ ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಓಲಾಡುತ್ತಾ, ಸ್ವಾವಲಂಬನೆಯನ್ನು ಪಾಠ ಹೇಳುವ ಮೇಷ್ಟ್ರು ಬೆಟ್ಟದ ಬುಡದವರೆಗೂ ಮೇಲಿನ ಕಂಬಿಯನ್ನು ಅವಲಂಬಿಸಿ ನಿಂತೇ ಇದ್ದ.