‘ವರ್ಲ್ಡ್‌ಲಿ’ಗೆ ಒಂದು ಉದಾಹರಣೆ

ನಾನು ಇಂಗ್ಲಿಷ್ ಮೇಷ್ಟ್ರು. ಕೆಲವು ಪದಗಳನ್ನು ಪಾಠ ಮಾಡಿ ಮುಗಿಸಿದರೂ ಅವು ನಮ್ಮನ್ನು ಬಿಡುವುದಿಲ್ಲ. ‘ವರ್ಲ್ಡ್‌ಲಿ’ ಅಂಥದ್ದು. ಅರ್ಥ ಸುಲಭ: ಲೌಕಿಕ. ಊಟ, ಬಟ್ಟೆ, ಮನೆ, ಹೆಸರು, ಈ ಲೋಕದ ಆಸೆಗೆ ಬಿದ್ದವರಿಗೆಲ್ಲ ಸಲ್ಲುವ ವಿಶೇಷಣ. ಉದಾಹರಣೆ ಕೇಳಿದರೆ ಮಾತ್ರ ತಾಪತ್ರಯ.

ಗುಬ್ಬಿ

ಎಪ್ಪತ್ತರ ದಶಕದ ಕೊನೆ. ಮನೆ ತುಮಕೂರಿನ ಮರಳೂರಿನಲ್ಲಿ, ಕೆಲಸ ಗುಬ್ಬಿಯಲ್ಲಿ. ತರಗತಿಯಲ್ಲಿ ಉದಾಹರಣೆ ಕೇಳಿದೆ. ಒಬ್ಬ ಎದ್ದ.

“ನಮ್ಮಜ್ಜಿ ಸಾ. ಪೂಜೇಲಿ ಕೂತು ಮಂತ್ರ ಹೇಳ್ತಾನೇ ‘ಹಾಲು ಉಕ್ತು ಕಣೇ’ ಅಂತಾರೆ.”

“ಭೇಷ್. ಯಾವ ಮಂತ್ರ?”

“ಅದು ಗೊತ್ತಿಲ್ಲ ಸಾ. ಹಾಲಿಂದೊಂದೇ ಕೇಳ್ಸೋದು.”

ಕುಣಿಗಲ್

ತುಮಕೂರಿಗೆ ವರ್ಗ ಕೇಳಿದೆ. ಇನ್ನೂ ದೂರದ ಕುಣಿಗಲ್‌ಗೆ ಹಾಕಿದರು. ಬಾಡಿಗೆ ಕೋಣೆ, ನಾನೇ ಬೇಯಿಸಿದ ಅನ್ನ. ಭಾನುವಾರ ಮಾತ್ರ ಮನೆ ಊಟ.

ಅಲ್ಲಿನ ಹೆಡ್‌ಮಾಸ್ಟರಿಗೆ ಆ ವರ್ಷವೇ ನಿವೃತ್ತಿ. ಬೀಳ್ಕೊಡುಗೆಯಲ್ಲಿ ಅರ್ಧ ಗಂಟೆ ಮಾತಾಡಿದರು. ಈ ಲೋಕದ ಆಸೆಯೆಲ್ಲ ತೀರಿತು, ಇನ್ನು ಯಡಿಯೂರಿನಲ್ಲಿ ಸ್ವಾಮಿ ಧ್ಯಾನವೊಂದೇ ಅಂದರು. ನಮಗೂ ಕಣ್ಣು ಒದ್ದೆ. ಶಾಲು ಹೊದಿಸಿದೆ. ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ನನ್ನ ಕಿವಿಯಲ್ಲಿ ಕೇಳಿದರು:

“ಹೋದ ತಿಂಗಳು ಡ್ರಿಲ್ ಮೇಷ್ಟ್ರಿಗೆ ಹೊದಿಸಿದ್ದು ಇದಕ್ಕಿಂತ ದಪ್ಪ ಇತ್ತಲ್ವೇನ್ರೀ?”

ಇನ್‌ಸ್ಪೆಕ್ಷನ್

ಅಷ್ಟರಲ್ಲಿ ಸ್ಕೂಲ್ ಇನ್‌ಸ್ಪೆಕ್ಟರು ಬಂದರು. ಅವರು ಒಂದು ಮಾತು ಹೇಳಿದರೆ ವರ್ಗ ಖಂಡಿತ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ಬರಿಗೈಲಿ ಕೇಳುವ ಪದ್ಧತಿ ಇರಲಿಲ್ಲ. ಬೆಳಿಗ್ಗೆಯೇ ಹುಡುಗರ ಕೈಲಿ ಒಂದು ಎಳನೀರಿನ ಗೊನೆಯನ್ನು ಅವರ ಜೀಪಿನ ಹಿಂದಿನ ಸೀಟಿನಲ್ಲಿ ಇಡಿಸಿದೆ.

ಇನ್‌ಸ್ಪೆಕ್ಟರು ನನ್ನ ತರಗತಿಗೇ ಬಂದು, ಬೋರ್ಡಿನ ಮೇಲಿದ್ದ ಪದ ನೋಡಿ, ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿದರು.

“ವರ್ಲ್ಡ್‌ಲಿ ಮ್ಯಾನ್. ಉದಾಹರಣೆ ಕೊಡಮ್ಮ.”

“ನಮ್ಮ ಮೇಷ್ಟ್ರು ಸಾ.”

“ಯಾಕೆ?”

“ತುಮಕೂರಿಗೆ ವರ್ಗ ಆಗ್ಲಿ ಅಂತ ನಿಮ್ಮ ಜೀಪಿಗೆ ಎಳನೀರು ಇಡಿಸವ್ರೆ.”

ನಾನು ಕಿಟಕಿ ನೋಡಿದೆ. ಇನ್‌ಸ್ಪೆಕ್ಟರು ಕೆಮ್ಮಿದರು.

“ಹಂಗಾದ್ರೆ ಇಸ್ಕೊಂಡೋರು?”

“ಅವರು ಪಾಠದಲ್ಲಿ ಬಂದಿಲ್ಲ ಸಾ.”

ಇನ್‌ಸ್ಪೆಕ್ಟರು ನಕ್ಕು ಹೊರಟರು. ಗೊನೆಯೂ ಹೊರಟಿತು.

ತಿಂಗಳಾದ ಮೇಲೆ ವರ್ಗದ ಆರ್ಡರ್ ಬಂತು. ಭಾನುವಾರ ಅದನ್ನು ಹೆಂಡತಿಯ ಕೈಗೆ ಕೊಟ್ಟೆ. ಓದಿದಳು. ಗುಬ್ಬಿ.

“ಎಷ್ಟು ಗೊನೆ ಇಡಿಸಿದ್ರಿ?”

“ಒಂದು.”

“ಒಂದು ಗೊನೆಗೆ ಗುಬ್ಬಿವರೆಗೇ ರೀ ಬರೋದು. ತುಮಕೂರಿಗೆ ಎರಡು ಇಡಬೇಕಿತ್ತು.”

ಇಷ್ಟು ದಿನ ಊರೂರಲ್ಲಿ ಉದಾಹರಣೆ ಹುಡುಕಿದೆ. ಮನೆಯಲ್ಲೇ ಇತ್ತು.